ಅನ್ನದ ಗೋಡೆ

“ನಮ್ಮಲ್ಲಿ ಬೇರೆ ತಟ್ಟೆ ಇರೋದು ಮೂಳೆ ಹಾಕೋಕೆ ಮಾತ್ರ ಸಾ...ರ್,” ಎಂದು ಬೇರೆ ತಟ್ಟೆ ಕೇಳಿದ ದೊಡ್ಡ ತಮ್ಮನಿಗೆ ರಾಗವಾಗಿ ಹೇಳಿದ ಮಾಣಿ, ಅನ್ನ, ಮಾಂಸ ತುಂಬಿದ, ಬಂಡಿಯ ಚಕ್ರದಷ್ಟು ಅಗಲದ ಹರಿವಾಣವನ್ನು ಮೂವರ ನಡುವೆ ಇಟ್ಟು ಹೊರಟೇಹೋದ.

ಯೆಮೆನಿ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲಲ್ಲಿ ಕಾದಿದ್ದವರು ಕೂತವರ ಬಾಯನ್ನೇ ನೋಡುತ್ತಿದ್ದರು. ಅಕ್ಕ ಬೇಕೆಂದೇ ತಮ್ಮಂದಿರಿಬ್ಬರನ್ನು ಇಂಥ ಕಡೆ ಕರೆತಂದಿದ್ದಳು: ಜಮಖಾನದ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಒಂದೇ ಹರಿವಾಣಕ್ಕೆ ಕೈಹಾಕಬೇಕು.

ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು. ಅಪ್ಪನ ಕನ್ನಡಕದ ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಎದ್ದಿತ್ತು. ಅಕ್ಷರದ ಹಲಗೆ ದೊಡ್ಡವನ ಪಾಲಿಗೆ, ಕಣ್ಣು ಪರೀಕ್ಷೆಯ ಕುರ್ಚಿ ಚಿಕ್ಕವನ ಪಾಲಿಗೆ. ಕಣ್ಣು ತೋರಿಸಲು ಬಂದವರು ಕುರ್ಚಿಯಲ್ಲಿ ಕೂತು ಪ್ಲೈವುಡ್ಡನ್ನೇ ಓದಬೇಕಿತ್ತು. ನಾಳೆ ಚಿಕ್ಕವನು ತನ್ನ ಅರ್ಧವನ್ನು ಮೊಬೈಲ್ ಅಂಗಡಿಯವನಿಗೆ ಬರೆದುಕೊಡುವವನಿದ್ದ. ಇವತ್ತು ಮಾತಾಡದಿದ್ದರೆ ಇನ್ನೆಂದೂ ಆಡುವುದಿಲ್ಲವೆಂದು ಅಕ್ಕನಿಗೆ ಗೊತ್ತಿತ್ತು.

ದೊಡ್ಡವನು ಬೆರಳಿನಿಂದ ಅನ್ನ ಒತ್ತಿ ಗೋಡೆ ಕಟ್ಟಿದ. “ಅಕ್ಕಾ, ಅವನಿಗೆ ಹೇಳು, ಇದು ನನ್ನ ಕಡೆ.”

“ಅಕ್ಕಾ, ಮೇಸ್ತ್ರಿಗೆ ಹೇಳು, ಕಿಟಕಿ ಇಡೋದು ಮರೆತಿದ್ದಾರೆ,” ಎಂದ ಚಿಕ್ಕವನು. ಆಮೇಲೆ ಥೇಟ್ ಮಾಣಿಯ ರಾಗದಲ್ಲಿ, “ನಮ್ಮಲ್ಲಿ ಕಿಟಕಿ ಇರೋದು ಮೂಳೆ ಎಸೆಯೋಕೆ ಮಾತ್ರ ಸಾ...ರ್!”

ದೊಡ್ಡವನ ಮೀಸೆ ಅಲುಗಿತು. ಕೆಮ್ಮಿ ಸರಿಮಾಡಿಕೊಂಡ.

“ನಾನೇನು ನಿಮ್ಮಿಬ್ಬರ ಟೆಲಿಫೋನ್ ತಂತಿನಾ? ತಿನ್ರೋ ಸುಮ್ನೆ,” ಎಂದು ಅಕ್ಕ ಗದರಿದಳು.

ಅಮ್ಮ ಹೋದಮೇಲೆ ಇವರಿಗೆ ಒಂದೇ ತಟ್ಟೆಯಲ್ಲಿ ಕಲಸಿಕೊಟ್ಟವಳು ಅವಳು. ಆಗಲೂ ದೊಡ್ಡವನು ಹೀಗೇ ಗೋಡೆ ಕಟ್ಟುತ್ತಿದ್ದ. ಚಿಕ್ಕವನು ಅಡಿಯಿಂದ ಸುರಂಗ ಕೊರೆದು ಆಚೆಯದನ್ನು ಕದಿಯುತ್ತಿದ್ದ. ಅದಕ್ಕೇ ಅವನಿಗೆ ಹೆಗ್ಗಣ ಎಂಬ ಹೆಸರು.

ಇವತ್ತು ಮೆತ್ತನೆಯ ಮಾಂಸವೆಲ್ಲ ಗೋಡೆಯ ಆಚೆ, ದೊಡ್ಡವನ ಕಡೆಗೇ ಬಿದ್ದಿತ್ತು. ಚಿಕ್ಕವನು ಮೂಳೆ ಹೀರಿ ಮುಗಿಸಿದ್ದ.

ಗೋಡೆಯ ಬುಡ ಅಲುಗಿತು. ಅಕ್ಕ ತಟ್ಟನೆ ಚಿಕ್ಕವನ ಕೈ ನೋಡಿದಳು. ಅದರಲ್ಲಿ ನೀರಿನ ಲೋಟವಿತ್ತು. ನಾಲ್ಕು ಅಗುಳು ಉದುರಿ, ತೂತಿನಿಂದ ಮಾಂಸದ ತುಂಡೊಂದು ಮೂತಿ ತೋರಿಸಿತು. ಅದರ ಹಿಂದೆ ದೊಡ್ಡವನ ತೋರುಬೆರಳು. ದೊಡ್ಡವನು ಮಾತ್ರ ತಲೆಯೆತ್ತಿ ಫ್ಯಾನ್ ನೋಡುತ್ತಿದ್ದ.

ಚಿಕ್ಕವನು ಲೋಟ ಕೆಳಗಿಟ್ಟ. “ಅಕ್ಕಾ, ಅವನಿಗೆ ಹೇ...” ಎಂದವನು ತಡೆದುಕೊಂಡ. “ಅಣ್ಣಾ, ಸಿಕ್ಕಾಕೊಂಡಿದೆ. ಇನ್ನೊಂಚೂರು ತಳ್ಳು.”

“ನೀನೂ ಎಳ್ಕೊಳ್ಳೋ, ಹೆಗ್ಗಣ.”

ಮಾಣಿ ಇನ್ನಷ್ಟು ಅನ್ನ ಸುರಿಯಲು ಬಗ್ಗಿದ. ಅಕ್ಕ ಗೋಡೆಯ ತೂತಿನ ಮೇಲೆ ಕೈ ಅಡ್ಡ ಹಿಡಿದಳು.

“ತಡಿಯಪ್ಪ,” ಎಂದಳು, “ಈಗ್ಲೇ ಬೇಡ.”