ಅಂಕಣದ ಮೇಲಿನ ಭತ್ತ

ದೇವದುರ್ಗದ ತಂಡದೊಂದಿಗೆ ನಮ್ಮ ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯವಿದೆಯೆಂದು ನಾನೂ ಗೆಳತಿ ಶೈಲಶ್ರೀಯೂ ಮಾನ್ವಿಯ ನಮ್ಮ ಹಳೆಯ ಕಾಲೇಜಿಗೆ ಹೋದರೆ, ಅಂಕಣದ ತುಂಬ ರೈಸ್‌ಮಿಲ್ಲಿನ ಶಿವರಾಜ ಭತ್ತ ಒಣಹಾಕಿದ್ದ. ಹುಡುಗಿಯರು ಚೆಂಡು ಹಿಡಿದು ಗೋಡೆಯ ಪಕ್ಕ ನಿಂತಿದ್ದರು.

"ನಾವು ಇಲ್ಲಿ ಓದೂವಾಗ ನಮ್ಮ ಬೇಸ್‌ಬಾಲ್ ತಂಡ ಹೆಂಗ ಮುಳುಗ್ತು, ನೆನಪದ ಏನು?" ಶೈಲಶ್ರೀ ಕೇಳಿದಳು.

"ಮೈದಾನದಾಗ ಎರಡ ದಿನ ಭತ್ತ ಹರವ್ತೀವಿ ಅಂದ್ರು ಮಿಲ್ಲಿನವ್ರು. ನಾವು ಹೂಂ ಅಂದ್ವಿ. ಮತ್ತ ಮೈದಾನ ಸಿಗಲೇ ಇಲ್ಲ," ಎಂದೆ ನಾನು.

ನಾನು ಚಪ್ಪಲಿ ಬಿಟ್ಟು ಇಳಿದು, ಅಲ್ಲೇ ಬಿದ್ದಿದ್ದ ಹಲಗೆಯಿಂದ ಭತ್ತವನ್ನು ಬದಿಗೆ ಎಳೆಯತೊಡಗಿದೆ. ಹುಡುಗಿಯರೂ ಕೈಹಾಕಿದರು.

ಶಿವರಾಜ ಓಡಿಬಂದ. "ಎರಡ ದಿನ ತಡೀರಿ ಅಕ್ಕಾರ, ಒಣಗಲಿ."

"ಆ ಎರಡ ದಿನ ನಮಗ ಗೊತ್ತದ," ಎಂದು ಹಲಗೆಯನ್ನು ಅವನ ಕೈಗಿತ್ತೆ. "ಆ ಕಡಿ ಅಂಕಣದ ಗೆರಿ ಇನ್ನೂ ಕಾಣವಲ್ದು. ನೀವೂ ಎಳೀರಿ."