ಬಿಸಿಲಲ್ಲಿ ಹದ ಮಾಡಿದ ಸ್ನೋಮೊಬೈಲ್

ಮೋಹನದಾಸರಿಗೆ ಚಳಿಯೇ ಆಗುವುದಿಲ್ಲವಂತೆ. ಹಾಗೆಂದು ಅವರೇ ಹೇಳಿಕೊಳ್ಳುತ್ತಾರೆ. ಆದರೆ ದುಬೈಯ ನಮ್ಮ ಹಿಮದ ಮನೆಗೆ, ಅಂದರೆ ಊರ ಹೊರಗೆ ಕೃತಕ ಹಿಮ ಹಾಸಿ ಜನರನ್ನು ಜಾರಿಸುವ ಆ ಗೋದಾಮಿನಂಥ ಕಟ್ಟಡಕ್ಕೆ, ಮೆಂಟೆನೆನ್ಸ್ ಇನ್‌ಚಾರ್ಜ್ ಆಗಿ ಬಂದಾಗಿನಿಂದ ಅವರು ಹಿಮದ ಮೇಲೆ ಕಾಲಿಟ್ಟದ್ದನ್ನು ನಾನು ಕಂಡಿಲ್ಲ. ಒಳಗೆ ಹೋಗಲು ಅಲ್ಲಿ ಕೊಡುವ ಕೋಟು ತೊಡಬೇಕು. ಯಾರ್ಯಾರೋ ಬೆವರಿದ ಕೋಟು ಅವರ ಇಸ್ತ್ರಿ ಮಾಡಿದ ಬಿಳಿ ಅಂಗಿಗೆ ತಾಗಬಾರದಂತೆ. ಉಡುಪಿಯವರ ಸಂಘದ ಕಾರ್ಯದರ್ಶಿ ಬೇರೆ; ಅಲ್ಲಿ ಎಲ್ಲರೂ ಅವರನ್ನು ಎಂಜಿನಿಯರ್ ಸಾಹೇಬರು ಅನ್ನುತ್ತಾರೆ. ನನಗಂತೂ ನಗು ಬರುತ್ತದೆ.

ನಾನು ಶರ್ಮಿಳಾ, ಅಲ್ಲಿನ ನರ್ಸ್. ಇಳಿಜಾರಿನ ಮೇಲೆ ಬಿದ್ದು ಪೆಟ್ಟಾದವರನ್ನು ಕೆಳಗೆ ತರುವುದು ನನ್ನ ಹೊಣೆ. ಅದಕ್ಕೊಂದು ಹಳೆಯ ಸ್ನೋಮೊಬೈಲ್, ಹಿಮದ ಮೇಲೆ ಓಡುವ ಬೈಕಿನಂಥ ಯಂತ್ರ, ಇದೆ; ಹಿಂದೆ ಜಾರುಬಂಡಿ ಕಟ್ಟಿಕೊಂಡು ಎಳೆಯುತ್ತದೆ. 2014ರ ಬೇಸಿಗೆಯಲ್ಲಿ ಅದು ನಡುದಾರಿಯಲ್ಲಿ ಕೆಮ್ಮಿ ನಿಂತುಬಿಟ್ಟಿತು; ತೊಡೆ ಮುರಿದಿದ್ದ ಮುದುಕರೊಬ್ಬರನ್ನು ನಾನೂ ಚಾಲಕ ಗೇಬ್ರಿಯಲ್ಲನೂ ಹಗ್ಗ ಹಿಡಿದು ಇಳಿಸಿದೆವು. ಪ್ರತಿ ಕುಲುಕಿಗೂ ಅವರು ಕೂಗಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಇನ್ನೊಬ್ಬರಿಗೆ ಹಾಗಾಗಬಾರದು ಎಂದು ನಾನು ಕಂಪನಿಯ ಬೆನ್ನು ಬಿದ್ದೆ.

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನಿಂದ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ಹದ ಮಾಡುವ ಎರಡು ತಿರುಪುಗಳು ತಳದಲ್ಲಿ, ಬೆರಳು ಹೋಗದ ಸಂದಿಯಲ್ಲಿದ್ದವು; ಹದ ತಪ್ಪಿದರೆ ದಾರಿಯಲ್ಲಿ ಸರಿಪಡಿಸುವಂತಿರಲಿಲ್ಲ. ಕೊನೆಗೂ ಅವಕ್ಕೆ ಉದ್ದ ತಂತಿಯ ಗುಂಡಿಗಳು ಬಂದವು. ಚಾಲಕ ಕುಳಿತಲ್ಲಿಂದಲೇ ತಿರುಗಿಸಬಹುದು.

ಮೋಹನದಾಸರು ಯಂತ್ರವನ್ನು ಹಿಂದಿನ ಅಂಗಳಕ್ಕೆ ತರಿಸಿದರು. ಮರುವರ್ಷದ ಜೂನ್ ಬಿಸಿಲು. ಗುಂಡಿಗಳನ್ನು ಜೋಡಿಸಿ, ಎಂಜಿನ್ ಬಿಸಿ ಮಾಡಿ, ಕಿವಿಗೊಟ್ಟು ತಿರುಗಿಸಿದರು. ಅದು ಹಾಯಾಗಿ ಗುರುಗುಟ್ಟಿತು.

"ಒಳಗೆ ತಂದು ಹದ ಮಾಡಿ ಸರ್," ಅಂದೆ.

"ನಿಂಗೆ ಗೊತ್ತುಂಟಾ ಮಾರಾಯ್ತಿ? ತಣ್ಣಗಿನ ಗಾಳಿ ದಪ್ಪ ಇರ್ತದೆ, ಅದಕ್ಕೆ ಪೆಟ್ರೋಲ್ ಜಾಸ್ತಿ ಬೇಕು. ಬಿಚ್ಚುವ ಕಡೆ ತಿರುಗಿಸಿದ್ರೆ ಜಾಸ್ತಿ, ಬಿಗಿ ಮಾಡಿದ್ರೆ ಕಮ್ಮಿ."

"ಹಾಗಾದ್ರೆ ಒಳಗೇ ಅಲ್ವಾ ಮಾಡ್ಬೇಕಾದ್ದು?"

"ನಂಗೆ ಅಂದಾಜುಂಟು."

ಎಲ್ಲ ಗೊತ್ತಿದ್ದೂ ಹೀಗೆ ಮಾಡುವವರಿಗೆ ಏನನ್ನುವುದು? ಊದುಬತ್ತಿ ಹಚ್ಚಿ, ಯಂತ್ರಕ್ಕೆ ಕುಂಕುಮವಿಟ್ಟು, ಅಡಿಗೆ ನಿಂಬೆಹಣ್ಣು ಇಟ್ಟು ದಾಟಿಸಿದರು. ಆಮೇಲೆ ತಮ್ಮ ಹದ ಯಾರೂ ಕೆಡಿಸದಂತೆ ಎರಡೂ ಗುಂಡಿಗಳಿಗೆ ಟೇಪು ಸುತ್ತಿ, ಮುಟ್ಟಿದವರ ಕೆಲಸ ಖಲಾಸ್ ಎಂದು ಗೇಬ್ರಿಯಲ್ಲನಿಗೆ ಹೇಳಿದರು. ತಿರುಗಿಸಲೆಂದೇ ತರಿಸಿದ ಗುಂಡಿಗೆ ಟೇಪು!

ಮುಂದಿನ ವಾರವೇ ಅಲ್ ಐನ್‌ನ ಶಾಲೆಯೊಂದರ ಮಕ್ಕಳು ಬಂದರು. ಅವರ ಜೊತೆಗಿದ್ದ ಪುತ್ತೂರಿನ ಟೀಚರ್ ಸೂಫಿಯಾ ಇಳಿಜಾರಿನ ತುದಿಯಲ್ಲಿ ಬಿದ್ದು ಮೊಣಕಾಲು ತಿರುಚಿಕೊಂಡರು. ನಾನೂ ಗೇಬ್ರಿಯಲ್ಲನೂ ಯಂತ್ರದಲ್ಲಿ ಹೇಗೋ ಮೇಲೆ ಹೋಗಿ ಅವರನ್ನು ಬಂಡಿಯಲ್ಲಿ ಮಲಗಿಸಿದೆವು. ಅಷ್ಟರಲ್ಲಿ ಎಂಜಿನ್ ಕೆಮ್ಮಿ ಆರಿತು. ಮತ್ತೆ ಹಚ್ಚಿದರೆ ಮತ್ತೆ ಆರಿತು.

"ಟೇಪು ಬಿಚ್ಚು," ಅಂದೆ.

"ಬೇಡ ಸಿಸ್ಟರ್, ವೀಸಾ ಕ್ಯಾನ್ಸಲ್ ಮಾಡಿಸ್ತಾರೆ ಅವ್ರು."

ಗೇಬ್ರಿಯಲ್ ಫೋನ್ ಮಾಡಿದ. ಮೋಹನದಾಸರು ತಾವೇ ಬರುವುದಾಗಿ ಹೇಳಿದರು. ಮನೆಯಿಂದ ಸ್ವಂತ ಸ್ವೆಟರ್ ತರಿಸುತ್ತಿದ್ದಾರಂತೆ. ಬಂಡಿಯಲ್ಲಿ ಮಲಗಿದ್ದ ಸೂಫಿಯಾರ ತುಟಿ ಬಿಳಿಚಿತ್ತು. ನನಗೆ ಮೈಯೆಲ್ಲ ಉರಿಯಿತು. ಟೇಪು ಹರಿದು, ಮೋಹನದಾಸರು ಕೊಚ್ಚಿಕೊಂಡಿದ್ದನ್ನೇ ನೆನೆದು, ಎರಡೂ ಗುಂಡಿಗಳನ್ನು ಬಿಚ್ಚುವ ಕಡೆ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಎಂಜಿನ್ ಹತ್ತಿಕೊಂಡಿತು, ಆರಲಿಲ್ಲ. ಸೂಫಿಯಾ ಒಮ್ಮೆಯೂ ಕೂಗದೆ ಕೆಳಗೆ ಬಂದರು.

ಬಂಡಿಯ ಸಮೇತ ಹಿಂದಿನ ಅಂಗಳಕ್ಕೆ ಬಂದು ಆಂಬುಲೆನ್ಸಿಗೆ ಕಾಯುತ್ತಿದ್ದೆವು. ಮೋಹನದಾಸರು ಸ್ವೆಟರನ್ನು ಹೆಗಲಿಗೆ ಹಾಕಿಕೊಂಡು ಬಂದರು. ಸೂಫಿಯಾರ ಕಡೆ ನೋಡಲಿಲ್ಲ. ನೇರ ಯಂತ್ರದತ್ತ ಹೋಗಿ ಎಂಜಿನ್ ಹಚ್ಚಿದರು. ಆ ಸೆಕೆಯಲ್ಲಿ ಅದು ಕಪ್ಪು ಹೊಗೆ ಉಗುಳಿ ಮುಗ್ಗರಿಸಿತು.

"ನೋಡಿ, ಹಾಳು ಮಾಡಿ ಇಟ್ಟಿದ್ದಾಳೆ," ಎಂದು ಗುಂಡಿಗೆ ಕೈ ಹಾಕಿದರು.

ಸೂಫಿಯಾ ಮಲಗಿದಲ್ಲಿಂದಲೇ, ತರಗತಿಯ ಕೊನೆಯ ಬೆಂಚಿಗೆ ಹೇಳುವ ದನಿಯಲ್ಲಿ, "ಸರ್, ನಾನು ಬಿದ್ದದ್ದು ಈ ಅಂಗಳದಲ್ಲಿ ಅಲ್ಲ," ಎಂದರು.

"ಮೇಡಂ, ಇದು ಟೆಕ್ನಿಕಲ್ ವಿಷಯ," ಎಂದು ಮೋಹನದಾಸರು ಗುಂಡಿಯನ್ನು ಬಿಗಿ ಮಾಡುವ ಕಡೆ ತಿರುಗಿಸತೊಡಗಿದರು.

ನಾನು ಯಂತ್ರದ ಕೀ ಎಳೆದುಕೊಂಡೆ. "ಇನ್ನು ಹದ ಮಾಡುವುದಿದ್ರೆ ಹಿಮದ ಮೇಲೆ ಬಂದು ಮಾಡಿ ಸರ್," ಅಂದೆ.