ಗಿಟಾರ್ ಅಂಗಡಿಯ ಮೇಷ್ಟರ ಹೊಟ್ಟೆಕಿಚ್ಚು

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಆ ಬೀದಿಯ ಗಿಟಾರ್ ಅಂಗಡಿಗೆ ಬರುವವರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಒಂದೇ ಕೌಂಟರಿನ ಹಿಂದೆ ನಿಂತು, ಒಳಗೆ ಕಾಲಿಟ್ಟವರಿಗೆಲ್ಲ ನಡೆನುಡಿ ಕಲಿಸಿದ್ದಕ್ಕೆ ಬಂದ ಹೆಸರು ಅದು. ಗೋಡೆಯಿಂದ ಗಿಟಾರ್ ಇಳಿಸುವ ಮುಂಚೆ ಕೇಳಬೇಕು. ಕೈ ಒರೆಸಿಕೊಂಡಿರಬೇಕು. ಗಿಟಾರಿನ ಬೆನ್ನಿಗೆ ಗೀರು ಬೀಳದಂತೆ ಬೆಲ್ಟಿನ ಬಕಲನ್ನು ಪಕ್ಕಕ್ಕೆ ತಿರುಗಿಸಿಕೊಳ್ಳಬೇಕು, ಜಿಪ್ಪಿರುವ ಕೋಟಾದರೆ ಕೋಟನ್ನೇ ಕಳಚಿಡಬೇಕು. ಪಕ್ಕದಲ್ಲಿ ಇನ್ನೊಬ್ಬರು ನುಡಿಸುತ್ತಿದ್ದರೆ ಅವರ ಮೇಲೆ ಏರಿಹೋಗುವಂತೆ ಬಾರಿಸಬಾರದು. ಕೊಳ್ಳುವ ಯೋಗ್ಯತೆ ಇಲ್ಲದವರು ಮೇಲಿನ ಸಾಲಿನತ್ತ ಕೈ ಚಾಚಬಾರದು. ಈ ಕೊನೆಯದನ್ನು ಮಾತ್ರ ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗಿರಾಕಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರೆ ಸಾಕಿತ್ತು, ಚಾಚಿದ ಕೈ ತಾನಾಗಿ ಕೆಳಗಿಳಿಯುತ್ತಿತ್ತು.

ಕೆಲಸ ಬಲ್ಲವರು ಎನ್ನುವುದರಲ್ಲಿ ಎರಡು ಮಾತಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಗೋಡೆಯ ಮೇಲಿನ ಅರವತ್ತು ಗಿಟಾರುಗಳಿಗೂ ಬರೀ ಕಿವಿಯ ಬಲದಿಂದ ಶ್ರುತಿ ಹಿಡಿದು ಮುಗಿಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಅಂಗಡಿ ನಡೆಸುತ್ತಿದ್ದ ಯಜಮಾನಮ್ಮ ಮಹಡಿಯ ಕೋಣೆಯಲ್ಲಿ ಕೂತು, "ಕೆಳಗೆ ಮೇಷ್ಟ್ರಿದ್ದಾರಲ್ಲ" ಎಂದು ನಿಶ್ಚಿಂತರಾಗಿದ್ದರು.

ಅದೇ ಯಜಮಾನಮ್ಮ ಒಂದು ಸೋಮವಾರ ನಲವತ್ತರ ಆಸುಪಾಸಿನ ಹೆಂಗಸೊಬ್ಬಳನ್ನು ಕೌಂಟರಿನ ಹತ್ತಿರ ಕರೆತಂದರು.

"ಹದಿಮೂರು ವರ್ಷ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡಿದಾರೆ. ಇವತ್ತಿಂದ ನಿಮ್ಮ ಜೊತೆ ಇರ್ತಾರೆ."

"ಗಿಟಾರ್ ನುಡಿಸೋಕೆ ಬರುತ್ತಾ?" ಎಂದು ಮೇಷ್ಟ್ರು ಆಕೆಯನ್ನು ಕೇಳಿದರು.

"ಮೂರು ಹಾಡು ಬರುತ್ತೆ. ಅದರಲ್ಲೂ ಒಂದು ಅರ್ಧಕ್ಕೇ ನಿಲ್ಲುತ್ತೆ."

ಮೇಷ್ಟ್ರು ನಕ್ಕರು. ಅದೇನೂ ಒಳ್ಳೆಯ ನಗುವಾಗಿರಲಿಲ್ಲ. ಚಪ್ಪಲಿ ಅಂಗಡಿಯಾಕೆ ಎಷ್ಟು ದಿನ ಬಾಳುತ್ತಾಳೋ ನೋಡೋಣ ಎಂದುಕೊಂಡರು.

ಆಕೆ ಮಾಡಿದ ಮೊದಲ ಕೆಲಸವೆಂದರೆ, ಸಾಮಾನಿನ ಕೋಣೆಯಿಂದ ಒಂದು ಸ್ಟೂಲು ತಂದು ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಹಾಕಿದ್ದು.

"ಗಿರಾಕಿಗಳನ್ನ ಹೀಗೆ ಮೂಲೆಗೆ ಕೂರಿಸ್ತಾರೇನಮ್ಮ, ತಪ್ಪು ಮಾಡಿದ ಮಕ್ಕಳ ಹಾಗೆ?"

"ಹೊಸ ಜೋಡು ಹಾಕ್ಕೊಂಡು ನಾಲ್ಕು ಜನರ ಎದುರು ನಾಲ್ಕು ಹೆಜ್ಜೆ ಹಾಕೋಕೇ ಜನ ನಾಚ್ತಾರೆ, ಮೇಷ್ಟ್ರೇ. ಇಲ್ಲಂತೂ ಬರದೇ ಇರೋದನ್ನ ನುಡಿಸಿ ತೋರಿಸಬೇಕು. ಯಾರ ಮುಖವೂ ಕಾಣದಿದ್ರೆ ಸ್ವಲ್ಪ ಧೈರ್ಯ ಬರುತ್ತೆ."

ಆ ವಾರವೇ ಒಬ್ಬ ದರ್ಜಿ ಹೆಂಗಸು ಬಾಗಿಲಲ್ಲಿ ಬಂದು ನಿಂತಳು. ಐವತ್ತು ದಾಟಿದವಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋತಾಡುತ್ತಿತ್ತು. ಮೇಷ್ಟ್ರು ವಾಡಿಕೆಯಂತೆ, "ಯಾರಿಗೆ ಬೇಕಿತ್ತು? ಮೊಮ್ಮಕ್ಕಳಿಗಾ?" ಎಂದರು. ದರ್ಜಿ ಹೆಂಗಸು "ಇಲ್ಲ, ಸುಮ್ಮನೆ ನೋಡೋಣ ಅಂತ" ಎಂದು ತೊದಲಿ ಹಿಂತಿರುಗಿದಳು. ಚಪ್ಪಲಿ ಅಂಗಡಿಯಾಕೆ ಕೌಂಟರು ಬಳಸಿ ಓಡಿಹೋಗಿ ಹೊಸ್ತಿಲಲ್ಲೇ ತಡೆದಳು.

"ನಿಮಗೇ ಅಲ್ವಾ? ಎಲ್ಲಿ, ಕೈ ಕೊಡಿ. ನೋಡಿ, ಸೂಜಿ ಹಿಡಿದ ಬೆರಳು, ತುದಿ ಗಟ್ಟಿಯಾಗಿದೆ. ಬೇರೆಯವರಿಗೆ ತಂತಿ ಒತ್ತಿ ಒತ್ತಿ ಎರಡು ತಿಂಗಳು ಬೆರಳು ಉರಿಯುತ್ತೆ. ನಿಮಗೆ ಆ ಎರಡು ತಿಂಗಳು ಉಳೀತು."

ದರ್ಜಿ ಹೆಂಗಸು ಮೂಲೆಯ ಸ್ಟೂಲಿನ ಮೇಲೆ ಮುಕ್ಕಾಲು ಗಂಟೆ ಕೂತಳು, ಏನೂ ಕೊಳ್ಳದೆ ಎದ್ದು ಹೋದಳು. "ಮುಕ್ಕಾಲು ಗಂಟೆ ನೀರಲ್ಲಿ ಹೋಮ" ಎಂದು ಮೇಷ್ಟ್ರು ಗೊಣಗಿದರು. ನಾಲ್ಕು ದಿನ ಬಿಟ್ಟು ಆಕೆ ತಿರುಗಿ ಬಂದಳು. ಗಿಟಾರನ್ನೂ ಕೊಂಡಳು, ಜೊತೆಗೆ ಪಕ್ಕದ ಮನೆಯವಳನ್ನೂ ಕರೆತಂದಿದ್ದಳು.

ಅಲ್ಲಿಂದ ಶುರುವಾಯಿತು. ಬಾಗಿಲು ತಳ್ಳಿ ಬಂದವರು ಮೇಷ್ಟರತ್ತ ಒಮ್ಮೆ ನೋಡಿ, ಕತ್ತು ಉದ್ದ ಮಾಡಿ ಅಂಗಡಿಯೆಲ್ಲ ಹುಡುಕಿ, "ಆ ಅಕ್ಕ ಇಲ್ವಾ?" ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಯಾರೊಬ್ಬರೂ ಅವರನ್ನು ಅಣ್ಣ ಎಂದಿರಲಿಲ್ಲ. ಅದು ಬೇಕೆಂದು ಅವರಿಗೆ ಅನ್ನಿಸಿದ್ದೂ ಇಲ್ಲ. ಈಗ ಮಾತ್ರ ಆ 'ಅಕ್ಕ' ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗಾಗುತ್ತಿತ್ತು. ಆಕೆ ಊಟಕ್ಕೆ ಹೋದಾಗ ಬಂದ ಗಿರಾಕಿಗಳನ್ನು ತಾವೇ ಹಿಡಿಯಬೇಕೆಂದು ತಮ್ಮ ಊಟವನ್ನು ಮೂರು ಗಂಟೆಗೆ ತಳ್ಳಿದರು. ಬಂದವರೋ, "ಪರವಾಗಿಲ್ಲ, ಅವರು ಬರಲಿ, ಕಾಯ್ತೀವಿ" ಎಂದು ಬೆಂಚಿನ ಮೇಲೆ ಕೂತರು.

ಇಷ್ಟಾದರೂ ನುಂಗಿಕೊಳ್ಳುತ್ತಿದ್ದರೇನೋ. ಆದರೆ ಒಂದು ಮಧ್ಯಾಹ್ನ ತಂತಿಗಳ ಪಾರ್ಸೆಲ್ ಬಿಡಿಸಿಕೊಳ್ಳಲು ಕೊರಿಯರ್ ಕಚೇರಿಗೆ ಹೋಗಿದ್ದವರು ಹಿಂತಿರುಗಿದಾಗ, ಗಾಜಿನ ಬಾಗಿಲಾಚೆ ಮೂಲೆಯ ಸ್ಟೂಲಿನಲ್ಲಿ ಒಂದು ಬೆನ್ನು ಕಂಡಿತು. ಇನ್ನೊಬ್ಬಳು ಸಿಕ್ಕಳು ಪುಕ್ಕಟೆ ಕಾಲ ಕಳೆಯುವವಳು ಎಂದುಕೊಂಡು ಬಾಗಿಲು ತಳ್ಳಿದರು. ತುರುಬಿನ ಗಂಟು ಎಲ್ಲೋ ನೋಡಿದಂತಿತ್ತು. ನೋಡಿದರೆ ಅವರ ಹೆಂಡತಿ.

ಬೆಳಿಗ್ಗೆ ಮೇಷ್ಟ್ರು ಮರೆತು ಬಂದಿದ್ದ ಕನ್ನಡಕ ಕೊಟ್ಟು ಹೋಗೋಣವೆಂದು ಬಂದವಳು. ಮಡಿಲಲ್ಲಿ ಸಣ್ಣ ಗಿಟಾರು. ಚಪ್ಪಲಿ ಅಂಗಡಿಯಾಕೆ ನೆಲದ ಮೇಲೆ ಮಂಡಿಯೂರಿ, ಅವಳ ಬೆರಳನ್ನು ಒಂದೊಂದಾಗಿ ತಂತಿಯ ಮೇಲೆ ಇಡುತ್ತಿದ್ದಳು. ಹೆಂಡತಿ ಒಮ್ಮೆ ಮೀಟಿದಳು. ಸ್ವರ ಸರಿಯಾಗಿಯೇ ಬಂತು. ಅವಳು ನಕ್ಕ ನಗು ಮೇಷ್ಟ್ರು ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಕೇಳಿದ ನಗುವಾಗಿರಲಿಲ್ಲ.

"ರೀ, ನೋಡಿ ಇಲ್ಲಿ! ನನಗೂ ಬರ್ತಾ ಇದೆ!"

"ಕನ್ನಡಕ ಎಲ್ಲಿ?" ಎಂದರು ಮೇಷ್ಟ್ರು.

ಹೆಂಡತಿಯ ಮುಖ ಸಪ್ಪಗಾಯಿತು. "ಕೌಂಟರ್ ಮೇಲಿಟ್ಟಿದ್ದೀನಿ" ಎಂದು ಗಿಟಾರನ್ನು ಕೆಳಗಿಟ್ಟು ಎದ್ದಳು.

ಸಂಜೆ ಮನೆಯಲ್ಲಿ ಮೇಷ್ಟ್ರು ತಡೆಯಲಾರದೆ ಕೇಳಿದರು: "ಅಷ್ಟೊಂದು ಆಸೆ ಇದ್ದಿದ್ರೆ ನನಗೆ ಹೇಳಬಾರದಿತ್ತಾ? ಅಂಗಡಿಯವಳ ಹತ್ರ ಹೋಗಿ ಕೂರಬೇಕಿತ್ತಾ?"

"ಆಸೆ ಇದೆ ಅಂತ ನನಗೇ ಗೊತ್ತಿರಲಿಲ್ಲ" ಎಂದಳು ಹೆಂಡತಿ, ಒಗೆದ ಬಟ್ಟೆ ಮಡಚುತ್ತಾ. "ಅವರು ಕೇಳಿದ್ರು, ಹೌದು ಅನ್ನಿಸ್ತು. ನೀವು ಯಾವತ್ತೂ ಕೇಳಲಿಲ್ಲ."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮೇಷ್ಟರಿಗೆ ಆ ಮಾತು ಯಾರಿಗೆ ಹೊಂದುತ್ತದೆ, ತಮಗೋ ಹೆಂಡತಿಗೋ, ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಅಂಗಡಿಯಲ್ಲಿ ಹತ್ತಿದ ಕಿಚ್ಚು ಈಗ ಮನೆಗೂ ಬಂದಿತ್ತು.

ಅದಾಗಿ ಎರಡು ವಾರಕ್ಕೆ ಒಬ್ಬ ಲಾರಿ ಚಾಲಕ ಬಂದ. ಆಳು ದೊಡ್ಡವನು, ದನಿ ಸಣ್ಣದು. ಮೇಲಿನ ಸಾಲಿನಲ್ಲಿದ್ದ ಕಡುಗೆಂಪು ಗಿಟಾರನ್ನು ನೋಡುತ್ತಾ ನಿಂತ. ಇಡೀ ಅಂಗಡಿಯಲ್ಲಿ ಅದಕ್ಕಿಂತ ಬೆಲೆಬಾಳುವುದು ಇನ್ನೊಂದಿರಲಿಲ್ಲ. ಒಬ್ಬನೇ ಕೆಲಸಗಾರ ಆರು ತಿಂಗಳು ಕೂತು ಕೈಯಲ್ಲೇ ಮಾಡಿದ್ದು, ಬೆನ್ನು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೇಷ್ಟ್ರು ತಮ್ಮ ನೋಟ ಬೀರುವ ಮೊದಲೇ ಚಪ್ಪಲಿ ಅಂಗಡಿಯಾಕೆ, "ಇಳಿಸ್ಲಾ?" ಎಂದಳು.

ಅವನು ಕೈ ತೊಳೆದು ಬಂದ. ಆಕೆಯೇ ಒಣ ಬಟ್ಟೆ ಕೊಟ್ಟಳು. ಅವನ ಅಂಗಿ ಸೊಂಟದ ಕೆಳಗೆ ಇಳಿಬಿದ್ದಿದ್ದರಿಂದ ಆಕೆಗೆ ಬೆಲ್ಟು ಕಾಣಲಿಲ್ಲ. ಸ್ವಲ್ಪ ಹೊತ್ತು ಕೂತು ನುಡಿಸಿದ. ಬಹಳ ಚೆನ್ನಾಗಿ ನುಡಿಸಿದ, ಮೇಷ್ಟರ ಕಿವಿಯೂ ನಿಮಿರಿತು. ಆಮೇಲೆ ನಿಂತು ನುಡಿಸಿ ನೋಡಲೇ ಎಂದು ಕೇಳಿದ. ಆಕೆ ಹೆಗಲಿನ ಪಟ್ಟಿ ಕಟ್ಟಿಕೊಟ್ಟು, ಮೀಟಲು ಬೇರೊಂದು ಬಿಲ್ಲೆ ಹುಡುಕಲು ಡ್ರಾಯರಿನತ್ತ ತಿರುಗಿದಳು. ಅವನು ಪಟ್ಟಿಯೊಳಗೆ ತೋಳು ತೂರಿಸಿದಾಗ ಅಂಗಿ ಮೇಲೆ ಸರಿಯಿತು. ಅಂಗೈಯಗಲದ ಹಿತ್ತಾಳೆಯ ಬಕಲು, ನಾಲ್ಕು ಚೂಪು ಮೂಲೆ. ಕೌಂಟರಿನಿಂದ ಏಳೆಂಟು ಹೆಜ್ಜೆ ಅಷ್ಟೇ. ಮೇಷ್ಟರಿಗೆ ಸ್ಪಷ್ಟವಾಗಿ ಕಂಡಿತು.

"ಬಕಲ್ ತಿರುಗಿಸಿಕೊಳ್ಳಿ." ಎರಡೇ ಮಾತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅವರ ಬಾಯಲ್ಲಿ ಬರುತ್ತಿದ್ದ ಮಾತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಮೇಷ್ಟ್ರು ಉಗುಳು ನುಂಗಿದರು, ಮಾತನ್ನೂ ನುಂಗಿದರು. ತಲೆ ತಗ್ಗಿಸಿ, ಸಾಲಾಗಿಯೇ ಇದ್ದ ತಂತಿಯ ಪೊಟ್ಟಣಗಳನ್ನು ಮತ್ತೆ ಸಾಲಾಗಿ ಜೋಡಿಸತೊಡಗಿದರು.

ಕರ್ ಎಂದಿತು. ನೋಡದೆಯೇ ಅವರಿಗೆ ಗೊತ್ತಾಯಿತು, ಗೀರು ಒಂದು ಗೇಣಿಗೆ ಕಡಿಮೆಯಿಲ್ಲ.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಲಾರಿ ಚಾಲಕ ಬೆವರುತ್ತಾ ನಿಂತ. ಯಜಮಾನಮ್ಮ ಮಹಡಿಯಿಂದ ಇಳಿದು ಬಂದು, ಗಿಟಾರನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ತಪ್ಪು ಅವರದಲ್ಲ ಅಮ್ಮ, ನಂದು" ಎಂದಳು ಚಪ್ಪಲಿ ಅಂಗಡಿಯಾಕೆ. "ಕೊಡೋ ಮುಂಚೆ ನಾನು ನೋಡಬೇಕಿತ್ತು. ನೋಡಲಿಲ್ಲ."

"ಹತ್ತೊಂಬತ್ತು ವರ್ಷ ಆಯ್ತು, ಮೇಷ್ಟ್ರು ಒಂದೇ ಒಂದು ಗೀರು ಬೀಳೋಕೆ ಬಿಟ್ಟಿಲ್ಲ" ಎಂದರು ಯಜಮಾನಮ್ಮ. ಕೂಗಾಡಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ಜನ ನಿಮ್ಮನ್ನ ಮೆಚ್ಚಿದ್ರು, ನಿಜ. ಆದರೆ ಇದು ಬೆಲೆಬಾಳೋ ಸಾಮಾನಿನ ಅಂಗಡಿ. ತಿಂಗಳು ಮುಗಿಯೋದರೊಳಗೆ ಬೇರೆ ಕಡೆ ನೋಡ್ಕೊಳ್ಳಿ."

ಮೇಷ್ಟರ ಎದೆಯೊಳಗೆ ಬಿರುಬೇಸಿಗೆಯಲ್ಲಿ ತಣ್ಣೀರು ಇಳಿದಂತಾಯಿತು. ಸುಳ್ಳೇಕೆ ಹೇಳಬೇಕು, ಆ ಸಂಜೆ ಮನೆಗೆ ಹೋಗುವಾಗ ಅವರ ನಡಿಗೆಯೇ ಬೇರೆಯಾಗಿತ್ತು. ಊಟಕ್ಕೆ ಕೂತವರು ನಡೆದದ್ದನ್ನೆಲ್ಲ ಹೆಂಡತಿಗೆ ಬಣ್ಣಿಸಿದರು. ಬಕಲಿನ ಅಗಲ, ಅದರ ಮೂಲೆಗಳು, ಅಂಗಿ ಮೇಲೆ ಸರಿದ ರೀತಿ, ಒಂದನ್ನೂ ಬಿಡಲಿಲ್ಲ.

ಹೆಂಡತಿ ಉಣ್ಣುವುದನ್ನು ನಿಲ್ಲಿಸಿದಳು. "ನೀವು ಎಲ್ಲಿದ್ರಿ ಆಗ?"

"ಕೌಂಟರಿನಲ್ಲಿ."

"ಅಂಗಿ ಸರಿದಿದ್ದು ನಿಮಗೆ ಹೇಗೆ ಗೊತ್ತಾಯ್ತು?"

ಮೇಷ್ಟ್ರು ನೀರಿನ ಲೋಟ ಎತ್ತಿದರು, ಕುಡಿಯದೆ ಕೆಳಗಿಟ್ಟರು. ಹೆಂಡತಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವರು ಶ್ರುತಿ ಹಿಡಿಯುತ್ತಿದ್ದಾಗ ಚಪ್ಪಲಿ ಅಂಗಡಿಯಾಕೆ ಎದುರಿಗೆ ಬಂದು ನಿಂತಳು. ಕಣ್ಣು ಊದಿತ್ತು.

"ಮೇಷ್ಟ್ರೇ, ನೀವು ಎಷ್ಟು ಸಲ ಹೇಳಿದ್ರಿ ಬಕಲ್ ನೋಡಿ, ಬಕಲ್ ನೋಡಿ ಅಂತ. ನಿಮ್ಮ ಮಾತು ನಡೆಸಲಿಲ್ಲ ನಾನು. ನಿಮ್ಮ ಹೆಸರಿಗೂ ಮಸಿ ಬಳಿದ ಹಾಗಾಯ್ತು. ಮನಸ್ಸಲ್ಲಿ ಇಟ್ಕೋಬೇಡಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಇದನ್ನು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಗಿಟಾರನ್ನು ಗೋಡೆಗೆ ನೇತುಹಾಕಿ, ಮೆಟ್ಟಿಲು ಹತ್ತಿ ಯಜಮಾನಮ್ಮನ ಕೋಣೆಗೆ ಹೋದರು. ಕೂರಲಿಲ್ಲ.

"ನಾನು ನೋಡಿದ್ದೆ ಅಮ್ಮ. ಬಕಲ್ ಕಾಣಿಸ್ತು. ಹೇಳಬಹುದಿತ್ತು. ಬೇಕಂತಲೇ ಹೇಳಲಿಲ್ಲ."

"ಯಾಕೆ?"

"ಹೊಟ್ಟೆಕಿಚ್ಚಿಗೆ."

ಯಜಮಾನಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಗೀರನ್ನಾದ್ರೆ ಉಜ್ಜಿ ಮಾಯ ಮಾಡ್ತೀರಿ. ನಾಳೆ ನಿಮ್ಮನ್ನ ನಂಬಿ ನಾನು ಮೇಲೆ ಹೇಗೆ ಕೂತ್ಕೊಳ್ಳಲಿ?" ಎಂದರು. ಕೆಲಸದಿಂದ ತೆಗೆಯಲಿಲ್ಲ. ಆದರೆ ಅಂದಿನಿಂದಲೇ ಕೌಂಟರು ಬಿಡಿಸಿ, ಮಹಡಿಯ ಹಿಂಬದಿಯ ರಿಪೇರಿ ಕೋಣೆಗೆ ಹಾಕಿದರು. ಚಪ್ಪಲಿ ಅಂಗಡಿಯಾಕೆಯನ್ನು ಬಿಡಿಸುವ ಮಾತು ಅಲ್ಲಿಗೇ ನಿಂತಿತು, ಕೌಂಟರಿಗೆ ಆಕೆ.

ಆಕೆಗೂ ಮೇಷ್ಟ್ರು ತಾವೇ ಹೇಳಿದರು. ಆಕೆ ಅಳಲೂ ಇಲ್ಲ, ಹೋಗಲಿ ಬಿಡಿ ಎನ್ನಲೂ ಇಲ್ಲ. "ನಿನ್ನೆ ಮನೆಗೆ ಹೋಗಿ, ಕೆಲಸ ಹೋಯ್ತು ಅಂತ ನಮ್ಮಮ್ಮನಿಗೆ ಹೇಳಿದೆ. ಉಣ್ತಾ ಇದ್ದವರು ಕೈ ತೊಳ್ಕೊಂಡು ಎದ್ರು. ಸ್ವಲ್ಪ ದಿನ ನನ್ನ ಹತ್ರ ಮಾತಾಡಬೇಡಿ ಮೇಷ್ಟ್ರೇ" ಎಂದಳು. ಮೇಷ್ಟ್ರು ಮಾತಾಡಲಿಲ್ಲ. ಹನ್ನೊಂದು ದಿನ ಹಾಗೇ ಕಳೆಯಿತು.

ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಹೋಗಲಿಲ್ಲ. ರಿಪೇರಿ ಕೋಣೆಯ ನೆಲ ಹಲಗೆಯದು. ಕೆಳಗಿನ ನಗು, ಮಾತು, ತಪ್ಪುತಪ್ಪಾದ ಸ್ವರ ಎಲ್ಲ ಸಂದಿಯಿಂದ ಮೇಲೇರಿ ಬರುತ್ತಿತ್ತು. ಶನಿವಾರ ಮಧ್ಯಾಹ್ನಗಳಲ್ಲಿ ಅದರೊಳಗೆ, ಕಲಿಯಲು ಬರುತ್ತಿದ್ದ ಹೆಂಡತಿಯ ದನಿಯೂ ಇರುತ್ತಿತ್ತು. ಅವರ ಕೈ ಮರವನ್ನು ಉಜ್ಜುತ್ತಿತ್ತು, ಕಿವಿ ನೆಲದಲ್ಲಿರುತ್ತಿತ್ತು.

ಹನ್ನೆರಡನೆಯ ದಿನ ಬಾಗಿಲು ತಟ್ಟಿದ ಸದ್ದಾಯಿತು. ಚಪ್ಪಲಿ ಅಂಗಡಿಯಾಕೆ ಒಂದು ಹಳೆಯ ಗಿಟಾರ್ ಹಿಡಿದು ನಿಂತಿದ್ದಳು. "ಮೂರನೇ ತಂತಿ ಗುಂಯ್ ಅನ್ನುತ್ತಂತೆ. ಅವರು ಕೆಳಗೆ ಕಾಯ್ತಾ ಇದ್ದಾರೆ."

ಮೇಷ್ಟ್ರು ಗಿಟಾರನ್ನು ಮೇಜಿನ ಮೇಲೆ ಮಲಗಿಸಿಕೊಂಡರು. ಆಕೆ ಹೋಗದೆ ಬಾಗಿಲಿಗೆ ಒರಗಿ ನಿಂತದ್ದನ್ನು ನೋಡಿ, "ಈಗಲೂ ನಿಮ್ಮ ಮೇಲೆ ನನಗೆ ಹೊಟ್ಟೆ ಉರಿಯುತ್ತೆ. ಮುಚ್ಚಿಟ್ಟು ಏನು ಪ್ರಯೋಜನ?" ಎಂದರು.

"ನನಗೂ ನಿಮ್ಮ ಮೇಲೆ ಉರಿಯುತ್ತೆ" ಎಂದಳು ಆಕೆ.

"ನನ್ನ ಮೇಲಾ? ಯಾಕೆ?"

"ಈ ಕೋಣೆ ನೋಡಿ. ಬಾಗಿಲು ಹಾಕ್ಕೊಂಡು, ಯಾರ ಮುಖಾನೂ ನೋಡದೆ ಕೆಲಸ ಮಾಡ್ತೀರಿ. ನಾನು ಬೆಳಿಗ್ಗೆಯಿಂದ ನಗ್ತಾ ಇದ್ದೀನಿ ಮೇಷ್ಟ್ರೇ. ಚಪ್ಪಲಿ ಅಂಗಡಿಯ ಕಾಲದಿಂದ ನಗ್ತಾನೇ ಇದ್ದೀನಿ. ಸಂಜೆ ಆಗೋ ಹೊತ್ತಿಗೆ ಕೆನ್ನೆ ನೋಯುತ್ತೆ. ಮನೆಗೆ ಹೋದ್ಮೇಲೆ ಅಮ್ಮನ ಹತ್ರ ನಗೋಕೆ ಏನೂ ಉಳಿದಿರಲ್ಲ."

ಇಂಥದ್ದೊಂದು ಇರಬಹುದೆಂದು ಮೇಷ್ಟ್ರು ಕನಸಿನಲ್ಲೂ ಎಣಿಸಿರಲಿಲ್ಲ. ಕುರ್ಚಿಯ ಮೇಲಿನ ಮರದ ಪುಡಿಯನ್ನು ಅಂಗೈಯಿಂದ ಒರೆಸಿ, ಆಕೆಯತ್ತ ಸರಿಸಿದರು.

"ಇದು ಸರಿಯಾಗೋಕೆ ಹತ್ತು ನಿಮಿಷ ಬೇಕು. ಕೂತ್ಕೊಳ್ಳಿ. ಇಲ್ಲಿ ಯಾರೂ ನಗಬೇಕಾಗಿಲ್ಲ."

ಆಕೆ ಕೂತಳು. ಐದು ನಿಮಿಷಕ್ಕೇ ಕೆಲಸ ಮುಗಿದಿತ್ತು, ಆದರೂ ಮೇಷ್ಟ್ರು ಬಟ್ಟೆ ಹಿಡಿದು ಸುಮ್ಮನೆ ಒರೆಸುತ್ತಿದ್ದರು. ಆಕೆ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು; ಆ ಮುಖ ಇಷ್ಟು ದಣಿದಿತ್ತೆಂದು ಅವರು ಗಮನಿಸಿಯೇ ಇರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಯಾರೋ, "ಅಕ್ಕಾ, ಆಯ್ತಾ?" ಎಂದು ಕೂಗಿದರು. ಮೇಷ್ಟರ ಹಲ್ಲಿನ ಸಂದಿಯಲ್ಲಿ ನಾರು ಮತ್ತೆ ಚುಚ್ಚಿತು. ಅದನ್ನು ಹಾಗೇ ಚುಚ್ಚಲು ಬಿಟ್ಟು, ಅವರು ಎದ್ದು ಬಾಗಿಲಿಗೆ ಬಂದು, "ಇನ್ನೂ ಐದು ನಿಮಿಷ ಆಗುತ್ತೆ" ಎಂದು ಕೆಳಗೆ ಕೂಗಿ ಹೇಳಿದರು.